ಏಳು ಆಲ್ಬಮ್ಮುಗಳ ಸಪ್ತಾಹ

ನನ್ನ ಸೋದರಮಾವನ ಎರಡೂ ಕಿವಿಗಳ ಮೇಲೆ ಹೆಡ್‌ಫೋನ್ ಒತ್ತಿ ಒತ್ತಿ ಕಪ್ಪು ಗೆರೆ ಬಿದ್ದಿತ್ತು, ಮೂಗಿನ ಮೇಲೆ ಕನ್ನಡಕದ ಗುರುತು ಬೀಳುವಂತೆ. ಮುಳಬಾಗಿಲಿನ ಪುರೋಹಿತರ ಮನೆಯಲ್ಲಿ ಹುಟ್ಟಿ ಲೆಕ್ಕಪತ್ರ ಬರೆಯುತ್ತಿದ್ದ ಅವರು ಕೇಳುತ್ತಿದ್ದದ್ದು ಹೆವಿ ಮೆಟಲ್, ಅದೂ ಒಂದೇ ಒಂದು ಬ್ಯಾಂಡು. ತೊಂಬತ್ತರ ದಶಕದಲ್ಲಿ ಗೆಳೆಯನೊಬ್ಬ ಕೊಟ್ಟ ಸವೆದ ಕ್ಯಾಸೆಟ್ಟಿನಿಂದ ಹತ್ತಿದ ಹುಚ್ಚು. ಪುಂಗನೂರು ಕಡೆಯ ನಮ್ಮತ್ತೆ "ಇದೇಂ ಗೋಲ", ಇದೆಂಥ ಗಲಾಟೆ, ಎಂದು ತೆಲುಗಿನಲ್ಲಿ ಗೊಣಗಿಕೊಂಡೇ ಕಾಫಿ ತಂದಿಡುತ್ತಿದ್ದರು.

ಕೇಳುವುದರಲ್ಲೂ ಮಾವನದು ಮಡಿ. ತಾತ ಸಪ್ತಾಹ ಪಾರಾಯಣ ಮಾಡುತ್ತಿದ್ದ ಕ್ರಮದಲ್ಲೇ, ವರ್ಷಕ್ಕೊಮ್ಮೆ ಏಳು ಬೆಳಗ್ಗೆ ಸ್ನಾನ ಮಾಡಿ ಕೂತು, ಆ ಬ್ಯಾಂಡಿನ ಏಳು ಆಲ್ಬಮ್ಮುಗಳನ್ನು ದಿನಕ್ಕೊಂದರಂತೆ ಕ್ಯಾಸೆಟ್ಟಿನಲ್ಲಿ ಕೇಳುವರು. ನಡುವೆ ಮೇಲೇಳುವಂತಿಲ್ಲ. ಕರೆಂಟು ಹೋದರೆ ಆ ಆಲ್ಬಂ ಮತ್ತೆ ಮೊದಲಿಂದ. ಒಮ್ಮೆ ನಾನು ಎಂಪಿತ್ರೀ ಹಾಕಿಕೊಟ್ಟಾಗ ಅರ್ಧ ನಿಮಿಷದಲ್ಲೇ ಹೆಡ್‌ಫೋನ್ ತೆಗೆದರು.

"ಡ್ರಮ್ಸಿನ ಪಕ್ಕದ ಆ ಸಿಂಬಲ್ ತಟ್ಟೆ ಹೊಡೆದ್ಮೇಲೆ ಶಬ್ದಕ್ಕೊಂದು ಬಾಲ ಇರುತ್ತೆ ಕಣೇ. ಫೈಲ್ ಚಿಕ್ಕದು ಮಾಡೋಕೆ ಅದನ್ನ ಕತ್ತರಿಸಿದಾರೆ."

ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ, ಕಿವಿಯ ನರ ಸೋಲುತ್ತಿದೆ ಎಂದರು ಕೋಲಾರದ ಡಾಕ್ಟರು. ಅಷ್ಟರಲ್ಲಿ ಕ್ಯಾಸೆಟ್ಟುಗಳೂ ಸವೆದುಹೋಗಿದ್ದವು. ಪೂರ್ತಿ ಮುಚ್ಚುವ ಮುಂಚೆ ಏಳನ್ನೂ, ಶಬ್ದದ ಒಂದು ಚೂರೂ ಬಿಡದ ಲಾಸ್‌ಲೆಸ್ ಫೈಲಿನಲ್ಲಿ ಒಮ್ಮೆ ಕೇಳಬೇಕು, ತಂದುಕೊಡುತ್ತೀಯಾ ಎಂದು ಮಾವ ನನ್ನನ್ನು ಕೇಳಿದರು. ಯಾರ ಹತ್ತಿರವೂ ಏನನ್ನೂ ಕೇಳದ ಮನುಷ್ಯ.

ಆರು ಸಿಕ್ಕವು. ಏಳನೆಯದು ಎಷ್ಟು ಹುಡುಕಿದರೂ ಸಿಗಲಿಲ್ಲ. ಅದರ ಎಂಪಿತ್ರೀಯನ್ನೇ ಲಾಸ್‌ಲೆಸ್ ಫೈಲಾಗಿ ಬದಲಾಯಿಸಿ ಹಾಕಿದೆ. ಹಾಗೆ ಮಾಡಿದರೆ ಗಾತ್ರ ದೊಡ್ಡದಾಗುತ್ತದೆ, ಕಳೆದ ಶಬ್ದ ವಾಪಸ್ ಬರುವುದಿಲ್ಲ. ಹೇಗೂ ಹಿಡಿದುಬಿಡುತ್ತಾರೆ, ಬೈಸಿಕೊಂಡರಾಯಿತು ಎಂದುಕೊಂಡಿದ್ದೆ.

ಏಳನೆಯ ಬೆಳಗ್ಗೆ ಅವರೆದುರೇ ಕೂತಿದ್ದೆ. ಅರ್ಧ ನಿಮಿಷ ಕಳೆಯಿತು. ಒಂದು ಹಾಡು ಕಳೆಯಿತು. ಬೈಯಲಿ ದೇವರೇ ಎಂದು ಬೇಡಿಕೊಂಡೆ. ಅವರು ಕಣ್ಣುಮುಚ್ಚಿ ಕೊನೆಯವರೆಗೂ ಕೇಳಿ, ಹೆಡ್‌ಫೋನನ್ನು ಕಣ್ಣಿಗೊತ್ತಿಕೊಂಡರು.

"ಒಂದು ಚೂರೂ ಬಿಟ್ಟಿಲ್ಲ ಕಣೇ. ನಿನ್ನಿಂದ ಪೂರ್ತಿ ಆಯ್ತು."

ಅರ್ಧ ನಿಮಿಷದಲ್ಲೇ ಹಿಡಿಯುತ್ತಿದ್ದ ಆ ಕಿವಿ ಆಗಲೇ ಹೋಗಿತ್ತು. ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ನಿಜ ಹೇಳುವ ಧೈರ್ಯ ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಮಾವ ತೀರಿಕೊಂಡ ಮೇಲೆ ಆ ಏಳನೆಯ ಆಲ್ಬಮ್ಮಿನ ಅಸಲಿ ಸಿಡಿ, ಏನೂ ಕತ್ತರಿಸದ್ದು, ನನಗೆ ಸಿಕ್ಕಿತು. ಈಗ ಪ್ರತಿವರ್ಷ ಅವರ ತಿಥಿಯ ಮಾರನೆಯ ಬೆಳಗ್ಗೆ ಸ್ನಾನ ಮಾಡಿ, ಅವರದೇ ಹೆಡ್‌ಫೋನ್ ಹಾಕಿಕೊಂಡು ಮೊದಲನೆಯ ಆಲ್ಬಮ್ಮಿನಿಂದ ಶುರುಮಾಡುತ್ತೇನೆ. ಈ ಸಂಗೀತ ನನಗೆ ಇವತ್ತಿಗೂ ಹಿಡಿಸಿಲ್ಲ. ಆದರೂ ಏಳನೆಯ ದಿನ, ಕೊನೆಯ ಸಿಂಬಲ್ಲಿನ ಸದ್ದು ಸಣ್ಣಗಾಗಿ ಸಣ್ಣಗಾಗಿ ಪೂರ್ತಿ ನಿಲ್ಲುವವರೆಗೂ ಮೇಲೇಳುವುದಿಲ್ಲ. ನಾನು ಅವರಿಗೆ ಕೊಡದೇ ಹೋದದ್ದು ಅದನ್ನೇ.