ಕಿಟಕಿಗಳಿಗೆ ಆರತಿ

ಇವತ್ತು ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಸಂದಿನಿಂದ ಹಳೆಯ ವಾಯಿಲ್ ಸೀರೆಯ ಸುರುಳಿಯೊಂದನ್ನು ಎಳೆದು ತೆಗೆದೆ. ಒಗ್ಗರಣೆ, ನುಸಿಗುಳಿಗೆ, ಧೂಳು ಎಲ್ಲ ಸೇರಿದ ವಾಸನೆ ಬಂತು. ಅದರ ಹಿಂದೆಯೇ ಸುಯ್ಯೆಂದು, ಹಿಮ ಬೀಳುವ ಈ ಪರದೇಶದ ಊರು ಎಟೋಬಿಕೋಕಿನ ಗಾಳಿಯೂ ಬಂತು. ನನಗೆ ನಗು ತಡೆಯಲಾಗಲಿಲ್ಲ. ಮಗಳು ಮೆಟ್ಟಿಲ ಮೇಲಿಂದ ಬಗ್ಗಿ ನೋಡಿ, "ಅಮ್ಮಾ, ವೈ ಆರ್ ಯು ಮೇಕಿಂಗ್ ದ ಹೌಸ್ ಕೋಲ್ಡ್?" ಎಂದಳು.

"ಗೆಸ್ಟ್ ಬರ್ತಾರೆ ಕಣೇ."

ಅವಳಿಗೆ ಅರ್ಥವಾಗಲಿಲ್ಲ. ನಿಮಗೂ ಆಗಿರಲಾರದು. ಆಗಬೇಕಾದರೆ ನೀವು ನನ್ನ ಜೊತೆ ಕೆಲವು ವರ್ಷ ಹಿಂದಕ್ಕೆ, ಪಕ್ಕದ ಸುಮಿತ್ರಕ್ಕನ ಮನೆಗೆ ಬರಬೇಕು. ಸ್ವೆಟರ್ ಹಾಕಿಕೊಂಡೇ ಬನ್ನಿ.

ಸುಮಿತ್ರಕ್ಕ ಧಾರವಾಡದವರು. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ಮಾರಿ ಬದುಕಿದವರು. ಇಲ್ಲಿ ಓದಲು ಬಂದ ನಮ್ಮ ಕಡೆಯ ಹುಡುಗರಿಂದ ಹಿಡಿದು ದೊಡ್ಡ ಕಾರಿನ ಇಂಜಿನಿಯರುಗಳ ತನಕ ಎಲ್ಲರೂ ಅವರ ಬಾಗಿಲಿಗೆ ಬರುತ್ತಿದ್ದರು. ಬಂದವರು ಕೋಟು ಮಾತ್ರ ಬಿಚ್ಚುತ್ತಿರಲಿಲ್ಲ. ಅಷ್ಟು ಹಳೆಯ, ಥಂಡಿ ಹಿಡಿದ ಪುಟ್ಟ ಮನೆ ಅದು. ಕೊಬ್ಬರಿ ಎಣ್ಣೆ ಸದಾ ಕಲ್ಲು. ಮನೆ ಬಿಸಿಮಾಡಬೇಕಾದ ಬೇಸ್‌ಮೆಂಟಿನ ಫರ್ನೇಸಿಗೆ ಸುಮಿತ್ರಕ್ಕ "ಮಾವನವರು" ಎಂದು ಹೆಸರಿಟ್ಟಿದ್ದರು. ಕೆಮ್ಮುವುದು, ಗೊಣಗುವುದು ಎಲ್ಲ ಇತ್ತು, ಕೆಲಸವೊಂದಿರಲಿಲ್ಲ. ಮನೆಯಲ್ಲಿ ಬೆಚ್ಚಗಿನ ಜಾಗವೆಂದರೆ ರೊಟ್ಟಿಯ ಹಂಚಿನ ಪಕ್ಕ. ಮಧ್ಯಾಹ್ನವೆಲ್ಲ ನಾನು ಅಲ್ಲೇ ಬೆಕ್ಕಿನ ಹಾಗೆ ಮುದುಡಿ ಕೂತು ಅವರ ಮಾತು ಕೇಳುತ್ತಿದ್ದೆ.

ಒಂದು ದಿನ ರೊಟ್ಟಿ ಮಗುಚುತ್ತಾ ಅವರು ಅಂದರು: "ಇನ್ನೊಂದ್ ಚಳಿಗಾಲ ನನ್ನ ಕೈಲೆ ಆಗೂದಿಲ್ಲ ತಂಗಿ. ಮನಿ ಮಾರಿ ಜಾರ್ಜ್‌ಟೌನಿಗೆ ತಮ್ಮನ ಕಡೆ ಹೋಗಿಬಿಡ್ತೀನಿ."

ಈ ಬೀದಿಯಲ್ಲಿ ನನಗಿದ್ದ ಕನ್ನಡವೆಲ್ಲ ಆ ಹಂಚಿನ ಪಕ್ಕದಲ್ಲೇ ಇತ್ತು. ಅದು ಜಾರ್ಜ್‌ಟೌನಿಗೆ ಹೋದರೆ ನಾನು ಯಾರ ಹತ್ತಿರ ಮಾತಾಡಲಿ, ಡಿಶ್‌ವಾಷರಿನ ಹತ್ತಿರವೇ?

ಆಗ ಲೈಬ್ರರಿಯ ಗೋಡೆಗೆ ಅಂಟಿಸಿದ್ದ ಕಾಗದದಲ್ಲಿ ಓದಿದ್ದೊಂದು ನೆನಪಾಯಿತು. ವರಮಾನ ಕಡಿಮೆಯಿರುವವರ ಮನೆ ಬೆಚ್ಚಗಿಡಲು ಸರ್ಕಾರ ಹಣ ಕೊಡುತ್ತದೆಯಂತೆ. ಗಾಳಿ ನುಗ್ಗುವ ಸಂದು ಮುಚ್ಚಿ, ಅಟ್ಟಕ್ಕೆ ಹತ್ತಿಯಂಥ ಇನ್ಸುಲೇಷನ್ ತುಂಬಿ, ಬೇಕಾದರೆ ಹೊಸ ಫರ್ನೇಸನ್ನೇ ಹಾಕಿಕೊಡುತ್ತಾರಂತೆ. ಹೇಳಿದೆ. ಸುಮಿತ್ರಕ್ಕ ಸೊಂಟದ ಮೇಲೆ ಕೈಯಿಟ್ಟರು.

"ಸರ್ಕಾರದ ಮುಂದ ಸೆರಗ ಒಡ್ಡಬೇಕೇನ ನಾ?"

"ಅಕ್ಕಾ, ರಸ್ತೇಲಿ ಸ್ನೋ ತೆಗೆಯೋದೂ ಸರ್ಕಾರಾನೇ. ಆವಾಗ ಸೆರಗು ಒಡ್ಡಿದ್ರಾ?"

"ಅದು ಹೊರಗಿನ ಥಂಡಿ."

"ಇದೂ ಅದೇ ಥಂಡಿ ಅಕ್ಕಾ. ಒಳಗೆ ಬಂದು ಕೂತಿದೆ, ಅಷ್ಟೇ."

ಒಪ್ಪಿದರು. ಫೋನಿನಲ್ಲಿ ಮಾತಾಡಿದ್ದು ನಾನೇ. ಆಫೀಸಿನವರು, ತಮ್ಮ ಕಡೆಯವರೊಬ್ಬರು ಬಂದು ಮನೆ ನೋಡುತ್ತಾರೆ, ಅವರು ಹೇಳಿದ ಮೇಲೆ ತೀರ್ಮಾನ, ಈ ವರ್ಷಕ್ಕೆ ಸಿಕ್ಕಿದ ಹಣ ಮುಗಿಯುತ್ತಾ ಬಂದಿದೆ, ಮುಂದಿನ ವರ್ಷದ್ದು ಇನ್ನೂ ಗೊತ್ತಿಲ್ಲ ಎಂದರು. ಅಂದರೆ ಇರುವುದು ಇದೊಂದೇ ಅವಕಾಶ.

ಮನೆ ನೋಡಲು ಬರುತ್ತಾರೆ ಎಂದ ಕೂಡಲೇ ನನ್ನೊಳಗಿನ ಕಾನ್ವೆಂಟ್ ಹುಡುಗಿ ಎದ್ದು ನಿಂತಳು. ನಮ್ಮ ಶಾಲೆಗೆ ಇನ್‌ಸ್ಪೆಕ್ಟರು ಬರುವ ದಿನ ಸಿಸ್ಟರುಗಳು ನೆಲವನ್ನು ಕನ್ನಡಿ ಮಾಡಿಸುತ್ತಿದ್ದರು. ಮುರಿದ ಬೆಂಚುಗಳನ್ನು ನಾವೇ ಹೊತ್ತು ಬಚ್ಚಲುಮನೆಯ ಹಿಂದೆ ಬಚ್ಚಿಡುತ್ತಿದ್ದೆವು. ಆ ಶಿಸ್ತಿಗೆ ಧಾರವಾಡದ ಅತಿಥಿಸತ್ಕಾರ ಸೇರಿದರೆ ಏನಾಗಬೇಕೋ ಅದಾಯಿತು. ಸುಮಿತ್ರಕ್ಕ ಓವನ್ ಹಚ್ಚಿ ಬಾಗಿಲು ತೆರೆದಿಟ್ಟರು. ನಾನು ನಮ್ಮ ಮನೆಯ ಹೀಟರುಗಳನ್ನು ಹೊತ್ತು ತಂದೆ. ಒಲೆಯ ಎಲ್ಲ ಉರಿಗಳ ಮೇಲೂ ಏನಾದರೊಂದು ಕುದಿಯುತ್ತಿತ್ತು. ಕಿಟಕಿಯ ಸಂದುಗಳಿಗೆಲ್ಲ ಇಳಕಲ್ ಸೀರೆ, ಹಳೆಯ ಟವೆಲು, ಲಂಗ ತುರುಕಿ ಮೇಲೆ ಇಸ್ತ್ರಿ ಮಾಡಿದ ಪರದೆ ಬಿಟ್ಟೆವು. ದೇವರ ಮುಂದೆ ಊದುಬತ್ತಿ. ಆ ಮನೆ ಅಷ್ಟು ಬೆಚ್ಚಗೆ, ಅಷ್ಟು ಚಂದ ಯಾವತ್ತೂ ಇರಲಿಲ್ಲ.

ಬಂದವರು ಎತ್ತರದ ಸರ್ದಾರ್ಜಿ, ಹರ್‌ಜೀತ್ ಅಂತ. ಒಳಗೆ ಕಾಲಿಟ್ಟದ್ದೇ ಕನ್ನಡಕಕ್ಕೆ ಹಬೆ ಹಿಡಿಯಿತು. "ವಾಹ್ ಆಂಟೀಜಿ, ಬಹುತ್ ಗರಂ!" ಎನ್ನುತ್ತಾ ಜಾಕೆಟ್ ಬಿಚ್ಚಿದರು. ಆಮೇಲೆ ಸ್ವೆಟರನ್ನೂ ಬಿಚ್ಚಿದರು. ಯಾವ ರೂಮಿನಲ್ಲಿ ಚಳಿ ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಛೇ ಛೇ, ನೋ ಕೋಲ್ಡ್! ಫಸ್ಟ್ ಕ್ಲಾಸ್ ಮನಿ! ಯೂ ಸಿಟ್, ರೊಟ್ಟಿ ಈಟ್!" ಎಂದರು ಸುಮಿತ್ರಕ್ಕ.

ನಾನಾದರೂ ಸುಮ್ಮನಿರಬೇಕಿತ್ತೋ ಇಲ್ಲವೋ? ಕೈಕಟ್ಟಿ ನಿಂತು, "ಶಿ ಈಸ್ ವೆರಿ ಕಂಫರ್ಟಬಲ್, ಥ್ಯಾಂಕ್ ಯು" ಎಂದೆ.

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನಮ್ಮಿಬ್ಬರ ಮುಖ ನೋಡಿದರು. "ದೆನ್ ವೈ ಡಿಡ್ ಯು ಕಾಲ್ ಮಿ?"

ಬೇಸ್‌ಮೆಂಟಿನಲ್ಲಿ ಮಾವನವರು ಒಮ್ಮೆ ಕೆಮ್ಮಿದರು. ನನಗೆ ಆಗ ಶಾಲೆಯ ಆ ಇನ್‌ಸ್ಪೆಕ್ಷನ್ನಿನ ಉಳಿದರ್ಧ ನೆನಪಾಯಿತು ನೋಡಿ. ಇನ್‌ಸ್ಪೆಕ್ಟರು ತುಂಬ ಮೆಚ್ಚಿಕೊಂಡು ಹೋಗಿದ್ದರು, ನಮಗೆ ಹೊಸ ಬೆಂಚು ಬರಲೇ ಇಲ್ಲ! ಸುಮಿತ್ರಕ್ಕನ ತೋಳು ಚಿವುಟಿದೆ. "ಹೇಳ್ರೀ ಅಕ್ಕಾ, ಚಳಿ ಅಂತ."

"ಉಣ್ಣಾಕ ಕುಂತ ಮನಶಾನ ಮುಂದ ನನ್ನ ಕಷ್ಟ ಹ್ಯಾಂಗ ಹೇಳ್ಲೆ?" ಎಂದು ಅವರು ಪಿಸುಗುಟ್ಟಿದರು.

ಹರ್‌ಜೀತ್ ಕೈ ತೊಳೆದು, ಬಂದದ್ದಕ್ಕೆ ಒಂದು ಟೆಸ್ಟ್ ಮಾಡಲೇಬೇಕು ಎಂದರು. ಓವನ್, ಹೀಟರು, ಒಲೆ, ಮಾವನವರು ಎಲ್ಲವನ್ನೂ ಆರಿಸಿ ಮುಂಬಾಗಿಲಿಗೆ ಕೆಂಪು ಬಟ್ಟೆಯ ಪರದೆ ಬಿಗಿದರು. ಅದರ ನಡುವೆ ದೊಡ್ಡದೊಂದು ಫ್ಯಾನು. ಅದು ಮನೆಯ ಗಾಳಿಯನ್ನು ಹೊರಗೆ ಎಳೆಯುತ್ತದೆ. ಆಗ ಸಂದು ಇದ್ದಲ್ಲೆಲ್ಲ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಗುಂಡಿ ಒತ್ತಿದರು.

ಮೊದಲು ಕಿಟಕಿಯ ಪರದೆಗಳು ಬಸುರಿಯರ ಹಾಗೆ ಉಬ್ಬಿದವು. ಆಮೇಲೆ ಹಾಲಿನ ಕಿಟಕಿಯಿಂದ ಇಳಕಲ್ ಸೀರೆ ಧೊಪ್ಪನೆ ಬಿತ್ತು. ಹಿಂದೆಯೇ ಟವೆಲು. ಬಾಗಿಲ ಪಕ್ಕದ ಗೋಡೆಯಲ್ಲಿದ್ದ ಟಪಾಲಿನ ಕಿಂಡಿಗೆ ತುರುಕಿದ್ದ ಹಸಿರು ಲಂಗ ಸರ್ದಾರ್ಜಿಯ ಕಾಲ ಬಳಿಯೇ ಇಳಿಯಿತು. "ಅಯ್ಯ ನನ್ನ ಶಿವನ!" ಎಂದು ಸುಮಿತ್ರಕ್ಕ ಅದರ ಮೇಲೆ ಬಿದ್ದು ಹಿಡಿದರು. ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯ ಸುರುಳಿ ಹಿಟ್ಟಿನ ಪರಾತಕ್ಕೆ ಬಿತ್ತು. ಎತ್ತಲು ಓಡಿದ ಸುಮಿತ್ರಕ್ಕ ಹುಬ್ಬು ರೆಪ್ಪೆಯೆಲ್ಲ ಜೋಳದ ಹಿಟ್ಟು ಮೆತ್ತಿಕೊಂಡು ಹೊರಗೆ ಬಂದರು.

ಹರ್‌ಜೀತ್ ನಗಲಿಲ್ಲ, ಪುಣ್ಯಾತ್ಮರು. ಗಾಳಿ ಎಲ್ಲಿಂದ ಬರುತ್ತಿದೆ ಎಂದು ನೋಡಲು ಹೊಗೆ ಬೇಕಿತ್ತೋ ಏನೋ, ಕೈಮುಗಿದು ಅಪ್ಪಣೆ ಕೇಳಿ ದೇವರ ಮುಂದಿನ ಊದುಬತ್ತಿ ತೆಗೆದುಕೊಂಡರು. ಕಿಟಕಿಯಿಂದ ಕಿಟಕಿಗೆ ಹೋಗಿ ಚೌಕಟ್ಟಿನ ಸುತ್ತ ಮೆಲ್ಲಗೆ ತಿರುಗಿಸಿದರು. ಸಂದು ಬಂದಲ್ಲೆಲ್ಲ ಹೊಗೆ ಬೆಚ್ಚಿ ಹಾರುತ್ತಿತ್ತು.

"ತಂಗೀ," ಎಂದರು ಸುಮಿತ್ರಕ್ಕ, "ಇಂವಾ ನನ್ನ ಕಿಟಕಿಗೋಳಿಗೆ ಆರತಿ ಮಾಡಾಕತ್ತಾನಲ್ಲ!"

ಅಷ್ಟೇ. ನಾನು ನಗು ಉಕ್ಕಿ ನೆಲದ ಮೇಲೇ ಕೂತೆ. ಹರ್‌ಜೀತ್ ಏನೆಂದು ಕೇಳಿದರು, ನಾನು ಬಿಕ್ಕುತ್ತಲೇ ಇಂಗ್ಲಿಷಿನಲ್ಲಿ ಹೇಳಿದೆ, ಅವರ ಗಡ್ಡ ಅಲುಗಾಡತೊಡಗಿತು. ಸುಮಿತ್ರಕ್ಕ ಬಿಳಿ ಮುಖದಲ್ಲಿ ನಗುತ್ತಾ ನಗುತ್ತಾ, ಲಂಗವನ್ನು ಬೆನ್ನ ಹಿಂದೆ ಹಿಡಿದುಕೊಂಡೇ ಅಂದರು: "ಯೆಸ್, ಬೇಟಾ. ಕೋಲ್ಡ್. ವೆರಿ ವೆರಿ ಕೋಲ್ಡ್."

"ಐ ನೋ, ಆಂಟೀಜಿ," ಎಂದು ಅವರು ಊದುಬತ್ತಿಯನ್ನು ದೇವರ ಮುಂದೆ ಮತ್ತೆ ಸಿಗಿಸಿದರು.

ಕ್ರಿಸ್‌ಮಸ್ಸಿಗೆ ಮೊದಲೇ ಅಟ್ಟ ತುಂಬಿತು, ಸಂದು ಮುಚ್ಚಿತು, ಮಾವನವರು ಲಾರಿ ಹತ್ತಿದರು. ಹೊಸ ಫರ್ನೇಸು ಬಾಯೇ ಬಿಡುವುದಿಲ್ಲ. ಅದಕ್ಕೆ "ಅಳಿಯ" ಎಂದು ಹೆಸರಾಯಿತು. ಜಾರ್ಜ್‌ಟೌನಿನ ಮಾತು ಮತ್ತೆ ಬರಲಿಲ್ಲ.

ಈಗ ಸರದಿ ನಮ್ಮದು. ವಾನ್ ಎಂಬ ಪಕ್ಕದ ಊರಿನಲ್ಲಿದ್ದ ಯಜಮಾನರ ಕೆಲಸ ಬೇಸಿಗೆಯಲ್ಲಿ ಹೋಯಿತು. ಬೇರೆಯವರಿಗೆ ಅಷ್ಟು ಬುದ್ಧಿ ಹೇಳಿದವಳು ನನ್ನ ಮನೆಗಾಗಿ ಫೋನು ಮಾಡುವುದನ್ನು ತಿಂಗಳು ತಿಂಗಳು ಮುಂದೂಡಿದೆ. ಕೊನೆಗೆ ಫೋನನ್ನು ನನ್ನ ಕೈಗೆ ತುರುಕಿ ಎದುರಿಗೇ ಕೂತವರು ಸುಮಿತ್ರಕ್ಕ. ಈ ವರ್ಷವೂ ಹಣ ಬಂದಿದೆಯಂತೆ. ಇವತ್ತು ಮಧ್ಯಾಹ್ನ ಯಾರೋ ಬರುತ್ತಾರೆ.

ಈಗ ಸುಮಿತ್ರಕ್ಕ ನಮ್ಮ ಹಾಲಿನಲ್ಲಿ ಸ್ಟೂಲು ಹತ್ತಿ ಸಂದುಗಳಿಂದ ನನ್ನ ಸೀರೆಗಳನ್ನು ಒಂದೊಂದಾಗಿ ಎಳೆದು ಹಾಕುತ್ತಿದ್ದಾರೆ. "ತಗಿ, ಎಲ್ಲಾ ತಗಿ. ಬಂದಾಂವಗ ನಡುಕ ಹುಟ್ಟಬೇಕು!" ಮಗಳು ಮೂರು ಸ್ವೆಟರ್ ಹಾಕಿಕೊಂಡು ಕೆಳಗೆ ಹಿಡಿದುಕೊಳ್ಳುತ್ತಿದ್ದಾಳೆ. ನಾನು ಕೋಟು, ಟೋಪಿ ಹಾಕಿಕೊಂಡು ಬಾಗಿಲ ಬಳಿ ಕೂತಿದ್ದೇನೆ. ಏನು ಹೇಳಬೇಕೆಂದು ಬಾಯಿಪಾಠ ಮಾಡಿದ್ದೇನೆ: ನಮ್ಮ ಮನೆ ತುಂಬ ಚಳಿ, ದಯವಿಟ್ಟು ಒಳಗೆ ಬನ್ನಿ.