ಸೂಜಿಯಕ್ಕ ಸಹಿ ಹಾಕದ ಕಾಗದ

ಸೂಜಿಯಕ್ಕನಿಗೆ ಸಿಟ್ಟು ಚಿಕ್ಕಂದಿನಿಂದಲೂ ಮೂಗಿನ ತುದಿಯಲ್ಲೇ. ಹಾಲು ಉಕ್ಕಿದರೆ ಒಲೆಗೇ ಬೈಯುತ್ತಿದ್ದಳು. ಆದರೆ ಆ ಸೋಮವಾರ ಬಂದ ಸಿಟ್ಟು ಬೇರೆ. ಅದು ಬಾಯಿಗೆ ಬರಲಿಲ್ಲ, ಕೈಗೆ ಬಂತು.

ಕಾಗದ ಕತ್ತರಿಸುವ ಯಂತ್ರ ಮಾಡುವ ಕಾರ್ಖಾನೆ ಅದು. ಪ್ರತಿ ಯಂತ್ರದೊಳಗೂ ಅಂಗೈಯಗಲದ ಹಸಿರು ಬೋರ್ಡು, ಅದರ ನಡುವೆ ಜಿರಳೆಯ ಹಾಗೆ ಕಾಲು ಚಾಚಿದ ಕರೀ ಚಿಪ್. ಆರು ಸೂಜಿಗಳ ಹಿಡಿಯೊಂದನ್ನು ಬೋರ್ಡಿಗೆ ಒತ್ತಿ ಚಿಪ್‌ಗೆ ಪ್ರೋಗ್ರಾಂ ತುಂಬುವುದು ಇವಳ ಕೆಲಸ. ಹದಿನೇಳು ವರ್ಷ ಒತ್ತಿದ್ದಕ್ಕೇ ಆ ಹೆಸರು. ಓದಿದ್ದು ಏಳನೇ ಕ್ಲಾಸು. ಚಿಪ್‌ನ ಸ್ವಭಾವ ಮಾತ್ರ ಹೆತ್ತ ಮಗುವಿನದಷ್ಟೇ ಗೊತ್ತು. ಪ್ರೋಗ್ರಾಂ ತುಂಬುವಷ್ಟು ಹೊತ್ತು ಅದು ರೀಸೆಟ್‌ನಲ್ಲಿರುತ್ತದೆ. ಆಗ ಅದರ ಕಾಲುಗಳು ತಂತಿಗೆ ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದಿಲ್ಲ. ಮನೆ ಕಾಯುವವನು ನಿದ್ದೆ ಹೋದ ಹಾಗೆ. ಅದಕ್ಕೇ ಅಲಗು ಬೀಳಿಸುವ ತಂತಿಗೆ ಸಾಸಿವೆಯಷ್ಟು ಪುಟ್ಟ ಒಂದು ರೆಸಿಸ್ಟರ್ ಕೂರಿಸುತ್ತಾರೆ. ಚಿಪ್ ಮೈಮರೆತರೂ ಅದು ತಂತಿಯನ್ನು ಸುಮ್ಮನಿರಿಸುತ್ತದೆ.

ಆ ಸಲ ರೆಸಿಸ್ಟರ್ ಬರಲಿಲ್ಲ. "ಅದಿಲ್ದೇನೂ ಓಡುತ್ತೆ, ಕಳಿಸಿ" ಅಂದರು ಮ್ಯಾನೇಜರು. ಮೇಜಿನ ಮೇಲೆ ಅಲಗಿನ ಬದಲು ತಂತಿಗೆ ಸಿಕ್ಕಿಸಿಟ್ಟ ಪುಟ್ಟ ದೀಪ, ಸೂಜಿ ಒತ್ತಿದಾಗ ಒಮ್ಮೊಮ್ಮೆ ಮಿಣುಕ್ ಅನ್ನುತ್ತಿತ್ತು. ದೀಪ ಮಿಣುಕಿತೆಂದರೆ ಅಲಗು ಬಿದ್ದ ಲೆಕ್ಕ ಅಂತ ಹೋಗಿ ಹೇಳಿದಳು. "ದೀಪ ಕಣ್ಣು ಹೊಡೆದ್ರೆ ನಾಚ್ಕೊಂಡು ಕೂತ್ಕೊಳ್ಳಿ" ಅಂತ ಎಂಜಿನಿಯರ್ ನಕ್ಕ.

ಅಷ್ಟರಲ್ಲಿ ಪ್ರೋಗ್ರಾಂ ಬದಲಾಯಿತು. ಯಂತ್ರಗಳು ಆಗಲೇ ಜೋಡಿಸಿ ನಿಂತಿದ್ದವು. ಬಿಚ್ಚುವಷ್ಟು ಪುರುಸೊತ್ತಿಲ್ಲ, ಯಂತ್ರದೊಳಗೇ ತುಂಬಿ ಅಂತ ಅಪ್ಪಣೆ. ಸೂಜಿಯಕ್ಕ ಯಂತ್ರದ ಹಿಂದೆ ಬಗ್ಗಿ ಕೂತಳು. ಅದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅವಳ ಸ್ವಂತ ತಂಗಿ ಮುಂದೆ ನಿಂತು ಅಲಗಿನ ಕೆಳಗಿನ ಹಲಗೆ ಒರೆಸುತ್ತಿದ್ದಳು. ತುಳಿದರೆ ಅಲಗು ಬೀಳಿಸುವ ಪೆಡಲ್ ಅವಳ ಕಾಲ ಬಳಿ ಇತ್ತು.

"ಒತ್ತಲೇನೇ?"

"ಒತ್ತಕ್ಕ. ಪೆಡಲ್ ನಾನು ಮುಟ್ಟಿಲ್ಲ."

ಅಲಗು ಬಿತ್ತು. ತಂಗಿಯ ಎರಡು ಬೆರಳ ತುದಿ ಹೋಯಿತು.

ವಾರ ಕಳೆದು, ಸೋಮವಾರ, ಮ್ಯಾನೇಜರು ಕಾಗದವೊಂದನ್ನು ಮುಂದಿಟ್ಟರು. ತಂಗಿ ಪೆಡಲ್ ತುಳಿದದ್ದನ್ನು ಅಕ್ಕ ಕಣ್ಣಾರೆ ಕಂಡಳಂತೆ! ಸಹಿ ಬಿದ್ದರೆ ತಂಗಿಯ ಕೆಲಸವೂ ಹೋಯಿತು, ಆಸ್ಪತ್ರೆಯ ಖರ್ಚೂ ಅವಳ ತಲೆಗೇ. ಹೋದ ಬೆರಳು ಸಾಲದೆ, ಅವಳ ಮೇಲೇ ಗೂಬೆ ಕೂರಿಸುವ ಹುನ್ನಾರ.

"ಹಾಕ್ತೀನಿ ಸಾರ್. ಮೊದಲು ಆ ಯಂತ್ರದ ಹತ್ರ ಬನ್ನಿ."

ಪೆಡಲನ್ನು ವೈರ್ ಸಮೇತ ಕಿತ್ತು ಅವರ ಕೈಗೇ ಕೊಟ್ಟಳು. "ಭದ್ರವಾಗಿ ಹಿಡ್ಕೊಳ್ಳಿ. ಆಮೇಲೆ ನಾನು ತುಳಿದೆ ಅಂದೀರಿ." ಕಾಗದವನ್ನು ಅಲಗಿನ ಕೆಳಗೆ ಹಾಸಿ ಸೂಜಿ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಇಲ್ಲ.

"ನಿಮ್ಮ ದೆವ್ವಕ್ಕೆ ಇವತ್ತು ರಜಾನಾ?" ಅಂದ ಎಂಜಿನಿಯರ್. ಯಾರೋ ಕಿಸಕ್ಕೆಂದರು.

ಸೂಜಿಯಕ್ಕ ಹಲ್ಲು ಕಚ್ಚಿದಳು. ಅಂದು ಎಡಗೈ ಎಲ್ಲಿತ್ತು? ಬೋರ್ಡಿನ ಪಕ್ಕ, ಅದೇ ತಂತಿಗೆ ತಾಗಿಯೂ ತಾಗದ ಹಾಗೆ. ಹಿಡಿಯುವವರಿಲ್ಲದ ತಂತಿಗೆ ಪಕ್ಕದ ಕೈಯ ಗಾಳಿಯೂ ಸಾಕು. ಎಡಗೈಯನ್ನು ಅಲ್ಲಿಗೇ ತಂದು ಮೂರನೇ ಸಲ ಒತ್ತಿದಳು.

ಧಡ್!

ಕಾಗದ ಎರಡು ತುಂಡು. ಮ್ಯಾನೇಜರು ಪೆಡಲ್ ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಹಾರಿದ್ದರು.

"ಇನ್ನೊಂದು ಬರೆಸ್ಕೊಂಡು ಬನ್ನಿ ಸಾರ್, ಅದನ್ನೂ ಇಲ್ಲೇ ಇಡ್ತೀನಿ. ಇಲ್ಲಾಂದ್ರೆ ನಿಮ್ಮ ಕೈ ಇಡಿ!"

ಸುತ್ತ ನಿಂತವರಲ್ಲಿ ಯಾರೂ ಕೆಲಸಕ್ಕೆ ಮರಳಲಿಲ್ಲ. ಸಂಜೆಯೊಳಗೆ ರೆಸಿಸ್ಟರ್ ಇರಲಿಲ್ಲವೆಂಬ ಕಾಗದಕ್ಕೆ ಮ್ಯಾನೇಜರೇ ಸಹಿ ಹಾಕಬೇಕಾಯಿತು.

ಆ ರಾತ್ರಿ ಸುದ್ದಿ ಕೇಳಿದ ತಂಗಿ ಬ್ಯಾಂಡೇಜಿನ ಕೈ ಎತ್ತಿ, "ನಾನೇ ಅಲ್ವೇನಕ್ಕ ಒತ್ತು ಅಂದಿದ್ದು" ಅಂದಳು.

"ಬಾಯ್ಮುಚ್ಚೇ" ಅಂದಳು ಅಕ್ಕ. ಈ ಸಲದ ಸಿಟ್ಟು ತನ್ನ ಮೇಲೇ.

ಆಮೇಲೆ ಅವಳು 'ಒತ್ತಲೇ' ಅಂತ ಯಾರನ್ನೂ ಕೇಳಲಿಲ್ಲ. ರೆಸಿಸ್ಟರ್ ಕೂತ ಯಂತ್ರಕ್ಕೂ ಅಷ್ಟೇ. ಎದ್ದು ಮುಂದೆ ಬಂದು, ಅಲಗಿನ ಕೆಳಗೆ ತಾನೇ ಬಗ್ಗಿ ನೋಡಿ, ಶಪಿಸುತ್ತಲೇ ವಾಪಸು ಹೋಗಿ ಸೂಜಿ ಒತ್ತುತ್ತಿದ್ದಳು.