ಅಕ್ಕಿಯ ಮೇಲಿನ ಹೆಸರು

ಅಕ್ಕಿ ಆರಿಸಲು ತಾಟು ಹಿಡಿದರೆ ಸಾಕು, ನನ್ನ ಬೆರಳು ತಾನಾಗಿಯೇ ಏನಾದರೂ ಬರೆಯತೊಡಗುತ್ತದೆ. ಈಗಿನ ಪ್ಯಾಕೆಟ್ ಅಕ್ಕಿಯಲ್ಲಿ ಕಲ್ಲೆಲ್ಲಿ ಎಂದು ನೀವು ನಗಬಹುದು. ನಿಜ, ಇರುವುದಿಲ್ಲ. ಆದರೂ ವಡಾಲದ ನಮ್ಮ ಗ್ಯಾಲರಿಯಲ್ಲಿ ಸಂಜೆ ತಾಟು ಹಿಡಿದು ಕೂರದಿದ್ದರೆ ನನಗೆ ದಿನ ಮುಗಿದಂತೆ ಅನ್ನಿಸುವುದಿಲ್ಲ. ಇಂದು ನೋಡಿದರೆ ಬೆರಳು ‘ವಂಜಿರು’ ಎಂದು ಬರೆದಿತ್ತು.

ವಂಜಿರು ನನ್ನ ವಾರಗಿತ್ತಿ, ಕೀನ್ಯಾದವಳು. ಪುಣೆಯಲ್ಲಿ ಓದುತ್ತಿದ್ದಾಗ ಅಲ್ಲಿನ ಸೇನಾ ಆಸ್ಪತ್ರೆಯಲ್ಲಿದ್ದ ನನ್ನ ಮೈದುನ ಪ್ರಕಾಶನ ಪರಿಚಯವಾಯಿತು. ಸೈನಿಕ ಪರದೇಶದವಳನ್ನು ಮದುವೆಯಾಗಬೇಕಾದರೆ ಮೇಲಿನವರ ಪರವಾನಗಿ ಬೇಕು. ಅದು ಬರುವ ಹೊತ್ತಿಗೆ ಧಾರವಾಡದ ನೆಂಟರು ಆಡಿಕೊಂಡು ಆಡಿಕೊಂಡು ಸುಸ್ತಾಗಿದ್ದರು. ಮದುವೆಯಲ್ಲಿ ನಮ್ಮ ಅತ್ತೆ, ಪದ್ಧತಿಯಂತೆ, ತಾಟಿನ ಅಕ್ಕಿಯ ಮೇಲೆ ಉಂಗುರದಿಂದ ಸೊಸೆಯ ಹೊಸ ಹೆಸರು ಬರೆದರು: ರೇಣುಕಾ. ನಮ್ಮ ಕುಲದೇವಿಯ ಹೆಸರು. ನನ್ನ ಹೆಸರೂ ಹೀಗೆಯೇ ಬದಲಾಗಿತ್ತು. ಹಳೆಯದನ್ನು ಕೂಗಿ ಕರೆಯುವವರು ತವರಿನಲ್ಲಿ ಈಗ ಯಾರೂ ಉಳಿದಿಲ್ಲ.

ನಮ್ಮ ಮನೆಯವರು, ಪ್ರಕಾಶನ ಅಣ್ಣ, ಎಲ್ಲವೂ ಪದ್ಧತಶೀರ್, ಕ್ರಮಬದ್ಧವಾಗಿ ಆಗಬೇಕೆನ್ನುವವರು. ಮದುವೆಯ ನೋಂದಣಿಯಲ್ಲೂ ರೇಣುಕಾ ಎಂದೇ ಬರೆಸಿ ಬಂದರು.

ಎಡವಟ್ಟು ಗೊತ್ತಾದದ್ದು ಅವಳ ವೀಸಾ ಮುಂದುವರಿಸಲು ಹೋದಾಗ. ಪ್ರಕಾಶ ಆಗ ಗಡಿಯಲ್ಲಿದ್ದ. ಫೋನು ಹತ್ತಿದ ದಿನ ಹತ್ತಿತು. ಹಾಗಾಗಿ ಕಾಗದದ ಚೀಲ ಹೊತ್ತು ಲೋಕಲ್ ಹಿಡಿಯುವ ಪಾಳಿ ನಮ್ಮಿಬ್ಬರದು. ಕಚೇರಿಯ ಗುಮಾಸ್ತ ಎಲ್ಲ ತಿರುವಿ ಹಾಕಿ, ಮರಾಠಿಯಲ್ಲಿ ಮೆಲ್ಲಗೆ ಕೇಳಿದ: “ಮೌಶಿ, ಫೌಜಿನವರು ಒಪ್ಪಿದ್ದು ವಂಜಿರುಗೆ. ಲಗ್ನವಾದದ್ದು ರೇಣುಕಾಗೆ. ನಿಮ್ಮ ಮೈದುನನಿಗೆ ಹೆಂಡಿರು ಎಷ್ಟು?”

ನಾನು ನಕ್ಕುಬಿಟ್ಟೆ. ವಂಜಿರು ನಗಲಿಲ್ಲ. ಹೆಸರು ಒಂದಾಗದೆ ವೀಸಾ ಇಲ್ಲ. ವೀಸಾ ಇಲ್ಲದಿದ್ದರೆ ಅವಳು ದೇಶ ಬಿಡಬೇಕು. ಗಂಡ ರಜೆಯ ಮೇಲೆ ವಡಾಲಕ್ಕೆ ಬಂದರೆ ಹೆಂಡತಿ ನೈರೋಬಿಯಲ್ಲಿ.

ಪಾಸ್‌ಪೋರ್ಟಿನಲ್ಲಿ ಅವಳು ರೇಣುಕಾ ಆಗಬೇಕು, ಇಲ್ಲವೇ ನೋಂದಣಿಯಿಂದ ರೇಣುಕಾ ಹೋಗಬೇಕು. ಎರಡನೆಯದಕ್ಕೆ ಹೆಸರಿಟ್ಟ ಹಿರಿಯರೇ ಅಫಿಡವಿಟ್ ಕೊಟ್ಟರೆ ಸುಲಭವಂತೆ. ಕುಲದೇವಿಯ ಹೆಸರು ತೆಗೆಸಿರೆಂದು ಅತ್ತೆಗೆ ಹೇಳುವವರಾರು? ನಮ್ಮ ಮನೆಯವರು ಆ ಸಂಜೆ ಪೇಪರಿನಿಂದ ತಲೆಯೆತ್ತಲಿಲ್ಲ. ಕೊನೆಗೆ ವಂಜಿರುವೇ ಹೋಗಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತೆಯ ಪಕ್ಕ ಕುಳಿತಳು.

“ಅತ್ತಿ, ವಂಜಿರು ನನ್ನ ಅಜ್ಜಿ ನಾಮ್. ಪಪ್ಪಾನ ಅಮ್ಮ. ನಮ್ಮಲ್ಲಿ ಪೆಹಲಿ ಹುಡುಗಿಗೆ ಅಜ್ಜಿ ನಾಮ್ ಕೊಡ್ತಾರೆ.”

ಅತ್ತೆ ಅರ್ಧ ಗಡ್ಡೆ ಬೆಳ್ಳುಳ್ಳಿಯನ್ನು ಅವಳ ಮುಂದೆ ಸರಿಸಿದರು. ಆಮೇಲೆ, ನಾಳೆ ಎಷ್ಟು ಹೊತ್ತಿಗೆ ಹೊರಡುವುದು ಎಂದು ನನ್ನನ್ನು ಕೇಳಿದರು.

ಕುರ್ಲಾ ಕೋರ್ಟಿನ ಹೊರಗೆ ಕೂರುವ ನೋಟರಿ ವಿಜಾಪುರದ ಕಡೆಯವರು. ಸಹಿಗೆ ಮೊದಲು ಒಂದು ಮಾತು ಎಂದು ಕೇಳಿದರು: “ಯವ್ವಾ, ಎರಡರಾಗ ಖರೇ ಹೆಸರು ಯಾವುದ್ರಿ?”

“ಆಕಿ ಅಜ್ಜಿ ಹೆಸರ ಖರೇದ್ರಿ,” ಎಂದರು ಅತ್ತೆ. “ನಾ ಬರದದ್ದು ಅಕ್ಕಿ ಮ್ಯಾಲ. ಆ ಅಕ್ಕಿ ಅವತ್ತ ಅನ್ನ ಆತು, ಎಲ್ಲಾರೂ ಉಂಡ್ವಿ.”

ಇಷ್ಟು ವರ್ಷ ಜೊತೆಗಿದ್ದೂ ಈ ಹೆಂಗಸನ್ನು ನಾನು ಅಂದೇ ಮೊದಲು ನೋಡಿದಂತಾಯಿತು. ಅವರು ಕನ್ನಡದಲ್ಲಿ ಅಕ್ಷರ ಅಕ್ಷರವಾಗಿ ಸಹಿ ಮಾಡಿ, ಸೆರಗು ಸರಿಮಾಡಿಕೊಂಡು ಎದ್ದರು. ವಾಪಸು ಬರುವಾಗ ಲೋಕಲಿನ ಗದ್ದಲದಲ್ಲಿ ವಂಜಿರುವಿನ ಕೈ ಹಿಡಿದು, ವಂಜರು, ವಂಜೀರು ಎಂದು ಪಾಠ ಒಪ್ಪಿಸುತ್ತಿದ್ದರು, ಅವಳು ತಿದ್ದುತ್ತಿದ್ದಳು.

ವೀಸಾ ಬಂತು. ಪ್ರಕಾಶ ರಜೆಗೆ ಬಂದಾಗ ಬಾಗಿಲು ತೆರೆದವಳು ಅವಳೇ.

ಇಂದು ತಾಟನ್ನು ಅಲುಗಿಸಿ ಅವಳ ಹೆಸರು ಅಳಿಸಿದೆ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆ ಒಳಗೆ ಇಣುಕಿ, ನನ್ನ ತವರಿನ ಹೆಸರು ಬರೆದೆ. ಕೈ ಮರೆತಿರಲಿಲ್ಲ. ಸ್ವಲ್ಪ ಹೊತ್ತು ನೋಡುತ್ತ ಕುಳಿತಿದ್ದು, ಆಮೇಲೆ ಅಕ್ಕಿ ತೊಳೆದು ಕುಕ್ಕರಿಗೆ ಇಟ್ಟೆ.